ಒಡೆಯರು ಇರುವವರೆಗೆ

"ಗುರುಗಳೇ, ರಾಜನೇ ಒಳ್ಳೆಯವನಾಗಿರುವಾಗ ಕಟ್ಟಳೆ ಏಕೆ ಬೇಕು?"

ಕೇಳಿದವನು ಬಾಚಿದೇವ. ಮಠದಲ್ಲಿ ಅವನ ಓದು ಮುಗಿದಿತ್ತು. ಅರಮನೆಯ ನ್ಯಾಯಸಭೆಯಲ್ಲಿ ಸೇವೆಗೆ ಬರಬೇಕೆಂದು ಕರೆ ಬಂದಿತ್ತು. ಒಮ್ಮೆ ನೋಡಿ ಬರೋಣವೆಂದು ಹೋದವನು ಅಲ್ಲಿ ರಾಜನ ಎದುರು ಒಬ್ಬ ಮುದುಕ ನಿಂತದ್ದನ್ನು ಕಂಡಿದ್ದ. ಪಂಡಿತರು ಗ್ರಂಥ ಬಿಚ್ಚುವ ಮೊದಲೇ ರಾಜ ಆ ಮುದುಕನ ಕಷ್ಟ ಪರಿಹರಿಸಿದ್ದ. ಮುದುಕ ಕೈಮುಗಿದು ಅಳುತ್ತ ಹೋಗಿದ್ದ. ಸಭೆಯವರೂ ಕಣ್ಣು ಒರೆಸಿಕೊಂಡಿದ್ದರು.

"ಪಂಡಿತರು ಕಟ್ಟಳೆ ಹೇಳಿದ್ದರೆ ಆ ಮುದುಕ ಬರಿಗೈಯಲ್ಲಿ ಹೋಗಬೇಕಿತ್ತು" ಎಂದ ಬಾಚಿದೇವ. "ರಾಜನ ಮಾತು ಅವನನ್ನು ಉಳಿಸಿತು. ಹಾಗಿದ್ದ ಮೇಲೆ ನಾನು ಅಲ್ಲಿ ಕೂತು ಮಾಡುವುದೇನು?"

ಗುರುಗಳು ಅವನನ್ನು ಕೂರಲು ಹೇಳಿದರು. ಆಮೇಲೆ ಈ ಕತೆ ಹೇಳಿದರು.

ಒಂದು ನಾಡಿನಲ್ಲಿ ಒಬ್ಬ ರಾಜನಿದ್ದ. ಅವನ ಮೇಲೆ ಒಬ್ಬ ಚಕ್ರವರ್ತಿಯಿದ್ದ. ರಾಜ ಮೃದು ಮನಸ್ಸಿನವನು. ಯಾರಾದರೂ ಅತ್ತರೆ ತಡೆದುಕೊಳ್ಳಲಾರ. ಅವನಿಗೆ ಗಂಡುಮಕ್ಕಳಿರಲಿಲ್ಲ. ರಾಣಿ ತೀರಿಕೊಂಡಿದ್ದಳು. ಪದ್ಮಲೆ ಎಂಬ ಒಬ್ಬಳೇ ಮಗಳು.

ಆ ನಾಡಿನಲ್ಲಿ ಹಿಂದಿನಿಂದ ಬಂದ ಒಂದು ರೂಢಿಯಿತ್ತು. ಗಂಡುಮಕ್ಕಳಿಲ್ಲದೆ ಯಾರು ಸತ್ತರೂ ಅವರ ಮನೆ, ಹೊಲ, ದನಕರು ಎಲ್ಲವೂ ಅರಮನೆಗೆ ಸೇರಬೇಕು. ಹೆಂಡತಿ ಇದ್ದರೂ ಅಷ್ಟೇ, ಹೆಣ್ಣುಮಕ್ಕಳಿದ್ದರೂ ಅಷ್ಟೇ. ಹೆಣ ಸುಟ್ಟು ಬರುವಷ್ಟರಲ್ಲಿ ಅಧಿಕಾರಿ ಬಂದು ಬಾಗಿಲಿಗೆ ಅರಗಿನ ಮುದ್ರೆ ಒತ್ತಿಬಿಡುತ್ತಿದ್ದ.

ಅಲ್ಲಿ ಒಬ್ಬ ಗಾಣಿಗ ಸತ್ತ. ಅವನ ಹೆಂಡತಿ ಭಾಗಿಯಬ್ಬೆ. ಮದುವೆಯ ವಯಸ್ಸಿನ ಒಬ್ಬ ಮಗಳಿದ್ದಳು. ಅವರು ಹೊಳೆಯಿಂದ ಹಿಂದಿರುಗುವಾಗ ಮನೆಗೆ ಮುದ್ರೆ ಬಿದ್ದಿತ್ತು, ಗಾಣದ ಕೊಟ್ಟಿಗೆಗೂ ಬಿದ್ದಿತ್ತು. ಎತ್ತು ಒಳಗೇ ಇತ್ತು.

ತಾಯಿ ಮಗಳು ಜಗಲಿಯ ಮೇಲೆ ಕೂತರು. ಎತ್ತು ನೀರಿಗಾಗಿ ಕೂಗತೊಡಗಿತು. ಭಾಗಿಯಬ್ಬೆ ಹೊರಗೆ ಉಳಿದಿದ್ದ ಸೌಟಿನಲ್ಲಿ ಗೋಡೆಯ ಸಂದಿಯಿಂದ ನೀರು ಚಾಚಿದಳು. ಎತ್ತಿನ ನಾಲಿಗೆ ಅಲ್ಲಿಯವರೆಗೆ ಬರಲಿಲ್ಲ. ಬಾಗಿಲು ಮುಟ್ಟಿದರೆ ರಾಜದ್ರೋಹ. ಓಣಿಯವರು ದೂರ ನಿಂತು ನೋಡಿದರು. ಯಾರೂ ಹತ್ತಿರ ಬರಲಿಲ್ಲ.

ಬೆಳಗಾದೊಡನೆ ಅವಳು ಮಗಳನ್ನು ಕರೆದುಕೊಂಡು ಅರಮನೆಗೆ ಹೋದಳು. ಗಂಡನ ವಿಷಯ ಹೇಳಬೇಕೆಂದುಕೊಂಡಿದ್ದಳು. ಬಾಯಿಗೆ ಬಂದದ್ದು ಎತ್ತಿನ ಮಾತು. "ಅದು ಕೂಗುವುದನ್ನು ನಿಲ್ಲಿಸಿದೆ ಒಡೆಯರೇ" ಎಂದಳು. ಅಷ್ಟು ಹೇಳಿ ಅತ್ತುಬಿಟ್ಟಳು.

ರಾಜ ಎದ್ದು ನಿಂತ. ಆಗಲೇ ಕುದುರೆಯಾಳನ್ನು ಓಡಿಸಿ, ಮುದ್ರೆ ಒಡೆಸಿ, ಎತ್ತಿಗೆ ನೀರು ಕೊಡಿಸಿದ. "ಮನೆ ನಿನ್ನದು, ಗಾಣ ನಿನ್ನದು. ಇದು ನನ್ನ ಮಾತು" ಎಂದ.

ಸಭೆ ಜಯಕಾರ ಮಾಡಿತು. ಅಲ್ಲಿ ಹೊಲ್ಲಮಯ್ಯನೆಂಬ ವಯಸ್ಸಾದ ಧರ್ಮಾಧಿಕಾರಿಯಿದ್ದ. ನ್ಯಾಯ ತೀರ್ಮಾನದಲ್ಲಿ ರಾಜನಿಗೆ ಸಲಹೆ ಕೊಡುವುದು ಅವನ ಕೆಲಸ. ಅವನೊಬ್ಬ ಸುಮ್ಮನೆ ಕೂತಿದ್ದ. ಎಲ್ಲರೂ ಹೋದ ಮೇಲೆ ಅವನು ರಾಜನಿಗೆ ಹೇಳಿದ.

"ಒಡೆಯರು ಈ ಮಾತನ್ನು ಎಲ್ಲರಿಗೂ ಆಡಬೇಕು. ಗಂಡ ಸತ್ತರೆ ಹೆಂಡತಿಗೆ, ಅವಳಿಲ್ಲದಿದ್ದರೆ ಹೆಣ್ಣುಮಕ್ಕಳಿಗೆ ಎಂದು ಕಲ್ಲಿನಲ್ಲಿ ಕೊರೆಸಬೇಕು."

ರಾಜ ನಕ್ಕ. "ಬೊಕ್ಕಸ ಬರಿದಾಗುತ್ತದೆ. ಕಷ್ಟವಿದ್ದವರು ಬರಲಿ. ನಾನೇನು ಇಲ್ಲ ಎನ್ನುತ್ತೇನೆಯೇ?"

ಕಷ್ಟವಿದ್ದವರು ಬಂದರು. ಸುದ್ದಿ ಊರಿಂದೂರಿಗೆ ಹಬ್ಬಿತು. ಅರಮನೆಯ ಬಾಗಿಲಲ್ಲಿ ಹೆಂಗಸರು ಬಂದು ಕೂರತೊಡಗಿದರು. ಹೇಗೆ ಮಾತಾಡಬೇಕು, ಯಾವ ಸೀರೆ ಉಡಬೇಕು, ಎಲ್ಲಿ ಅಳಬೇಕು ಎಂದು ಬಾಗಿಲ ಕಾವಲುಗಾರರು ಹೇಳಿಕೊಡುತ್ತಿದ್ದರು. ಹೇಳಿಕೊಟ್ಟದ್ದಕ್ಕೆ ಏನಾದರೂ ಕೊಡಬೇಕಾಗುತ್ತಿತ್ತು. ರಾಜ ಕೆಲವರಿಗೆ ಮನೆ ಕೊಟ್ಟ. ತಲೆನೋವಿದ್ದ ದಿನ ಕೊಡಲಿಲ್ಲ. ಬೇಟೆಗೆ ಹೊರಟಿದ್ದ ದಿನ ಪೂರ್ತಿ ಕೇಳಲೇ ಇಲ್ಲ. ಅವನು ಕೆಟ್ಟವನಾಗಿರಲಿಲ್ಲ. ಮನುಷ್ಯನಾಗಿದ್ದ.

ಒಂದು ದಿನ ಮಾಚವ್ವೆ ಎಂಬವಳು ಬಂದಳು. ತೀರಿಕೊಂಡ ಅವಳ ಗಂಡ ಕಂಚುಗಾರ. ಅವಳಿಗೆ ಮಾತು ತೊದಲುತ್ತಿತ್ತು. ದುಃಖವಾದರೆ ತೊದಲುವ ಮಾತೂ ನಿಂತುಹೋಗುತ್ತಿತ್ತು. ರಾಜನ ಎದುರು ನಿಂತಳು. ತುಟಿ ಅಲುಗಿತು, ಸ್ವರ ಹೊರಡಲಿಲ್ಲ. ಕಣ್ಣಲ್ಲಿ ನೀರೂ ಬರಲಿಲ್ಲ. ರಾಜ ಸ್ವಲ್ಪ ಹೊತ್ತು ಕಾದ. "ಇವಳಿಗೆ ಏನು ಬೇಕಂತೆ?" ಎಂದ. ಯಾರೂ ಹೇಳಲಿಲ್ಲ. ಮುಂದಿನವರನ್ನು ಕರೆದರು. ಅವಳ ಮನೆಯನ್ನು ಒಬ್ಬ ಕುದುರೆ ಸರದಾರನಿಗೆ ಕೊಟ್ಟುಬಿಟ್ಟರು.

ಭಾಗಿಯಬ್ಬೆ ಎಣ್ಣೆ ಮಾರಿ ಬರುವಾಗ ಮಾಚವ್ವೆ ಒಂದು ಮರದ ಕೆಳಗೆ ಕೂತಿದ್ದಳು. ತೊಡೆಯ ಮೇಲೆ ಒಂದು ಕಂಚಿನ ತಟ್ಟೆಯಿತ್ತು. ಸಭೆಯಲ್ಲಿ ನಡೆದದ್ದನ್ನು ಭಾಗಿಯಬ್ಬೆ ಆಗಲೇ ಕೇಳಿದ್ದಳು. ನನಗೆ ಅಳು ಬಂತು, ಇವಳಿಗೆ ಬರಲಿಲ್ಲ, ಇಷ್ಟೇ ವ್ಯತ್ಯಾಸ ಎಂದು ಅವಳಿಗೆ ಅನ್ನಿಸಿತು. ಅವಳನ್ನು ಮನೆಗೆ ಕರೆದೊಯ್ದಳು.

ಆ ದಿನದಿಂದ ಭಾಗಿಯಬ್ಬೆಗೆ ಭಯ ಹಿಡಿಯಿತು.

ಅಧಿಕಾರಿಗಳು ಎಣ್ಣೆ ಕೊಳ್ಳಲು ಬಂದರೆ ಅಳತೆಗಿಂತ ಹೆಚ್ಚು ಸುರಿದಳು. ಯಾರಾದರೂ ತನ್ನ ಮೇಲೆ ಚಾಡಿ ಹೇಳಿದರೆ ಏನು ಗತಿ ಎಂದು ಓಣಿಯಲ್ಲಿ ಎಲ್ಲರಿಗೂ ತಗ್ಗಿ ನಡೆದಳು. ಬೀದಿಯಲ್ಲಿ ಕುದುರೆಯ ಸದ್ದಾದರೆ ಗಾಣ ನಿಲ್ಲಿಸಿ ಕಿವಿಗೊಟ್ಟಳು. ರಾಜನಿಗೆ ಜ್ವರವೆಂದು ಕೇಳಿದಾಗ ಅನ್ನ ಸೇರಲಿಲ್ಲ. ಗುಡಿಯಿಂದ ಗುಡಿಗೆ ಹೋಗಿ ಎಣ್ಣೆ ಹಾಕಿದಳು. ಮಗಳನ್ನು ನೋಡಲು ಬಂದ ಗಂಡಿನ ಕಡೆಯವರು ಹುಡುಗಿಯನ್ನು ಒಪ್ಪಿದರು. ಹೋಗುವ ಮುಂಚೆ ಗಂಡಿನ ತಂದೆ ಕೇಳಿದ. "ಈ ಗಾಣ ನಿಮ್ಮದೋ, ರಾಜರು ಕೊಟ್ಟದ್ದೋ?" ಅವಳು ಉತ್ತರ ಹೇಳುವುದಕ್ಕೆ ತಡವರಿಸಿದಳು. ಅವರು ಮತ್ತೆ ಬರಲಿಲ್ಲ.

ಕೊನೆಗೆ ಅವಳು ಅರಮನೆಗೆ ಹೋದಳು. ಮನೆಯ ಬೀಗದ ಕೈಯನ್ನು ರಾಜನ ಮುಂದೆ ಇಟ್ಟಳು.

"ಇದೇನು ತಾಯಿ? ನಾನು ಇರುವವರೆಗೆ ನಿನಗೆ ಏನು ಭಯ?" ಎಂದ ರಾಜ.

"ಅದೇ ಭಯ ಒಡೆಯರೇ. ನೀವು ಇರುವವರೆಗೆ ಎಂಬುದೇ ಭಯ" ಎಂದಳು ಅವಳು. "ನಿಮ್ಮ ಮಾತಿನಿಂದ ಬಂದದ್ದು ನಿಮ್ಮ ಮಾತಿನಿಂದಲೇ ಹೋಗಬಹುದು. ಇದನ್ನು ತೆಗೆದುಕೊಂಡುಬಿಡಿ. ಇಲ್ಲವೇ, ನನ್ನದು ನನ್ನದೇ ಎಂದು ಎಲ್ಲರಿಗೂ ಸಾರಿ ಹೇಳಿ ಕೊಡಿ."

ರಾಜನ ಮುಖ ಕೆಂಪಾಯಿತು. ತನ್ನ ದಯೆಯನ್ನು ಯಾರಾದರೂ ತಿರುಗಿ ತಂದಿಡುತ್ತಾರೆಂದು ಅವನು ನೆನೆಸಿರಲಿಲ್ಲ. ಹೊಲ್ಲಮಯ್ಯ ಆಗ ಎದ್ದು ನಿಂತ.

"ಒಡೆಯರು ಕ್ಷಮಿಸಬೇಕು. ಒಡೆಯರಿಗೂ ಮಗನಿಲ್ಲ. ನಾಳೆ ಏನಾದರೂ ಆದರೆ, ಈ ನಾಡಿನ ರೂಢಿ ಇದೇ ಅಲ್ಲವೇ ಎಂದು ಚಕ್ರವರ್ತಿಯವರು ಕೇಳಬಹುದು. ಆಗ ಕುಮಾರಿಯವರ ಪರವಾಗಿ ನಾನು ಏನನ್ನು ತೋರಿಸಲಿ?"

ಸಾವಿನ ಮಾತು ಸಭೆಯಲ್ಲಿ ಬಂದದ್ದನ್ನು ರಾಜನಿಗೆ ಸಹಿಸಲಾಗಲಿಲ್ಲ. "ಚಕ್ರವರ್ತಿಗಳಿಗೆ ನನ್ನ ಮೇಲೆ ಪ್ರೀತಿಯಿದೆ. ನನ್ನ ಮಗಳನ್ನು ಅವರು ಕೈಬಿಡುವುದಿಲ್ಲ" ಎಂದ. ಸ್ವಲ್ಪ ತಡೆದು, "ಗಡಿಯಲ್ಲಿ ಗಲಾಟೆಯಿದೆ. ಸೈನ್ಯಕ್ಕೆ ಖರ್ಚಿದೆ. ಮಳೆಗಾಲ ಕಳೆಯಲಿ, ನೋಡೋಣ" ಎಂದ. ಬೀಗದ ಕೈಯನ್ನು ಅವಳಿಗೇ ಹಿಂದಕ್ಕೆ ಕೊಡಿಸಿದ.

ಮಳೆಗಾಲ ಕಳೆಯುವ ಮೊದಲೇ ರಾಜ ಸತ್ತ. ಹೊಳೆ ದಾಟುವಾಗ ಕುದುರೆ ಮುಗ್ಗರಿಸಿತು.

ಚಕ್ರವರ್ತಿಯ ಅಧಿಕಾರಿ ಬಂದ. ಮರ್ಯಾದಸ್ಥ. ಪದ್ಮಲೆಗೆ ತಲೆಬಾಗಿ ನಮಸ್ಕರಿಸಿದ. ಆಮೇಲೆ ಅರಮನೆಯ ಹೆಬ್ಬಾಗಿಲಿಗೆ ಅರಗಿನ ಮುದ್ರೆ ಒತ್ತಿಸಿದ. "ಚಕ್ರವರ್ತಿಗಳು ದಯಾಳುಗಳು. ಹೋಗಿ ಕೇಳಿಕೊಳ್ಳಿ" ಎಂದ. ಸತ್ತ ರಾಜ ಬಾಯಿಮಾತಿನಲ್ಲಿ ಕೊಟ್ಟದ್ದೆಲ್ಲ ಅವನೊಂದಿಗೇ ಮುಗಿಯಿತು ಎಂದು ಸಾರಿಸಿದ. ಅಂದೇ ಗಾಣಕ್ಕೂ ಮುದ್ರೆ ಬಿತ್ತು. ಈ ಸಲ ಭಾಗಿಯಬ್ಬೆ ಎತ್ತನ್ನು ಮೊದಲೇ ಹೊರಗೆ ಕಟ್ಟಿದ್ದಳು.

ಪದ್ಮಲೆ ಅರಮನೆಯ ಹೊರಗೆ ನಿಂತಿದ್ದಳು. ಆಳುಗಳು ಒಬ್ಬೊಬ್ಬರಾಗಿ ಸರಿದುಹೋಗಿದ್ದರು. ಹೊಲ್ಲಮಯ್ಯ ಒಬ್ಬ ಉಳಿದಿದ್ದ. ಅವಳಿಗೆ ಎಲ್ಲಿ ಕೂರಬೇಕೆಂದೂ ತಿಳಿಯಲಿಲ್ಲ. ಆಗ ಭಾಗಿಯಬ್ಬೆ, ಮನೆಯವರಿಬ್ಬರನ್ನು ಕೂರಿಸಿಕೊಂಡು, ಗಾಡಿ ಹೂಡಿಕೊಂಡು ಬಂದಳು. ಗಾಣದ ಎತ್ತಿಗೆ ಜೊತೆಯಾಗಿ ಪಕ್ಕದ ಮನೆಯ ಎತ್ತನ್ನು ಕೇಳಿ ತಂದಿದ್ದಳು. "ನಾವೂ ಚಕ್ರವರ್ತಿಗಳ ರಾಜಧಾನಿಗೇ ಹೋಗುವವರು. ಹತ್ತಿ ತಾಯಿ" ಎಂದಳು.

ದಾರಿಯುದ್ದಕ್ಕೂ ಪದ್ಮಲೆ ಚಕ್ರವರ್ತಿಯ ಎದುರು ಆಡಬೇಕಾದ ಮಾತನ್ನು ಗಟ್ಟಿಮಾಡುತ್ತಿದ್ದಳು. ತಂದೆಯ ಸೇವೆಯನ್ನು ಮೊದಲು ನೆನಪಿಸಬೇಕು. ಆಮೇಲೆ ಕಾಲಿಗೆ ಬೀಳಬೇಕು. ಎಲ್ಲಿ ಧ್ವನಿ ತಗ್ಗಿಸಬೇಕು ಎಂದು ಹೊಲ್ಲಮಯ್ಯನನ್ನು ಕೇಳುತ್ತಿದ್ದಳು. "ಅಳು ಬರದಿದ್ದರೆ ಏನು ಮಾಡಲಿ?" ಎಂದಳು.

ಭಾಗಿಯಬ್ಬೆ ಹಿಂತಿರುಗಿ ನೋಡಿದಳು. "ಅಳು ಬರದಿದ್ದವಳೊಬ್ಬಳು ನಿಮ್ಮ ತಂದೆಯವರ ಸಭೆಗೆ ಬಂದಿದ್ದಳು" ಎಂದಳು. ಕಂಚುಗಾರನ ಹೆಂಡತಿಯ ವಿಷಯ ಹೇಳಿದಳು.

ಪದ್ಮಲೆ ಯೋಚಿಸಿದಳು. "ನೆನಪಿದೆ. ನಾನು ಮೇಲಿನ ಕಿಟಕಿಯಲ್ಲಿದ್ದೆ. ಏನು ಬೇಕೆಂದು ಅವಳು ಹೇಳಲೇ ಇಲ್ಲ. ದಾಸಿಯರು ನಕ್ಕರು, ನಾನೂ ನಕ್ಕೆ. ಆಮೇಲೆ ಅವಳು ಏನಾದಳು?"

"ನಿಮ್ಮ ಪಕ್ಕದಲ್ಲೇ ಕೂತಿದ್ದಾಳೆ" ಎಂದಳು ಭಾಗಿಯಬ್ಬೆ.

ಮಾಚವ್ವೆ ತಲೆ ತಗ್ಗಿಸಿದಳು. ಪದ್ಮಲೆ ಆ ದಿನ ಮತ್ತೆ ಮಾತು ಗಟ್ಟಿಮಾಡಲಿಲ್ಲ.

ಚಕ್ರವರ್ತಿಯ ಸಭೆ ದೊಡ್ಡದು. ಸಾಮಂತರೆಲ್ಲ ಕೂತಿದ್ದರು. ನ್ಯಾಯಪಂಡಿತರು ಹೊಲ್ಲಮಯ್ಯನನ್ನು ಕೇಳಿದರು. "ಮಗನಿಲ್ಲದವನ ಸ್ವತ್ತಿಗೆ ನಿಮ್ಮ ನಾಡಿನಲ್ಲಿ ಏನು ಕಟ್ಟಳೆ?"

"ರಾಜರಿಗೆ ಯಾರ ಮೇಲೆ ಕರುಣೆ ಹುಟ್ಟುತ್ತಿತ್ತೋ ಅವರಿಗೆ ಸಿಗುತ್ತಿತ್ತು" ಎಂದ ಹೊಲ್ಲಮಯ್ಯ. ಪಂಡಿತರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದು ಕಟ್ಟಳೆಯಲ್ಲ ಎಂದು ಬಿಡಿಸಿ ಹೇಳುವ ಅಗತ್ಯವಿರಲಿಲ್ಲ.

ಚಕ್ರವರ್ತಿಯೇ ಮಾತಾಡಿದ. "ಹೆದರಬೇಡ ಮಗಳೇ. ನಿನ್ನ ತಂದೆ ನನಗೆ ಬೇಕಾದವನಾಗಿದ್ದ. ಅರಮನೆ ನಿನ್ನದು, ನಾಡೂ ನಿನ್ನದು. ಇದು ನನ್ನ ಮಾತು."

ಜಯಕಾರ ಎದ್ದಿತು. ಹೊಲ್ಲಮಯ್ಯ ಉಸಿರು ಬಿಟ್ಟ. ಭಾಗಿಯಬ್ಬೆ ಕಣ್ಣು ಮುಚ್ಚಿಕೊಂಡಳು. ಇನ್ನು ಇವಳು ಕಾಲಿಗೆ ಬೀಳುತ್ತಾಳೆ, ಎಲ್ಲ ಮುಗಿಯಿತು ಎಂದುಕೊಂಡಳು.

ಪದ್ಮಲೆ ಬೀಳಲಿಲ್ಲ. "ನನ್ನ ಹಿಂದೆ ನಿಂತ ಇವರಿಗೆ?" ಎಂದಳು.

"ಅವರೂ ಬಂದು ಕೇಳಿಕೊಳ್ಳಲಿ. ನಾನು ಇಲ್ಲವೆನ್ನುವವನಲ್ಲ."

"ಇವಳಿಗೆ ಕೇಳಲು ಬರುವುದಿಲ್ಲ ಪ್ರಭು. ಇವಳು ಕೇಳಲಿ ಎಂದು ನನ್ನ ತಂದೆ ಕಾದರು, ಇವಳ ಮನೆ ಹೋಯಿತು" ಎಂದಳು ಪದ್ಮಲೆ. "ಗಂಡ ಸತ್ತರೆ ಹೆಂಡತಿಗೆ, ಅವಳಿಲ್ಲದಿದ್ದರೆ ಹೆಣ್ಣುಮಕ್ಕಳಿಗೆ ಎಂದು ಎಲ್ಲರಿಗೂ ಕಟ್ಟಳೆ ಮಾಡಿಕೊಡಿ. ಗಾಣಿಗರ ಮನೆಗೂ ಅದೇ, ನನ್ನ ಮನೆಗೂ ಅದೇ, ತಮ್ಮ ಮನೆಗೂ ಅದೇ. ಆ ಕಟ್ಟಳೆಯಿಂದ ಬಂದರೆ ಅರಮನೆಗೆ ಹೋಗುತ್ತೇನೆ. ದಯೆಯಿಂದ ಬಂದರೆ ಬೇಡ."

ಚಕ್ರವರ್ತಿಯ ಮನೆಯ ಮಾತು ಅಲ್ಲಿ ಯಾರೂ ಎತ್ತಿದವರಲ್ಲ. ಮಂತ್ರಿ ಬಗ್ಗಿ ಅವನ ಕಿವಿಯಲ್ಲಿ ಬೊಕ್ಕಸದ ವಿಷಯ ಪಿಸುಗುಟ್ಟಿದ. ಚಕ್ರವರ್ತಿ ಎದ್ದು ಒಳಗೆ ಹೋದ.

ಅವರು ಊರ ಹೊರಗಿನ ಛತ್ರಕ್ಕೆ ಬಂದರು. ಕರೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಆಮೇಲೆ ದಿನಗಳೇ ಕಳೆದವು. ಛತ್ರದವನು ಅನ್ನ ಬಡಿಸುವಾಗ ಮುಖ ನೋಡುವುದನ್ನು ಬಿಟ್ಟ. ರಾಜದ್ರೋಹದ ಮಾತು ಬೀದಿಯಲ್ಲಿ ಕೇಳಿಬಂತು. ಹೊಲ್ಲಮಯ್ಯ ಬಾಗಿಲಲ್ಲೇ ಕೂತಿರುತ್ತಿದ್ದ. ಯಾರು ಬಂದರೂ ಎದ್ದು ನಿಲ್ಲುತ್ತಿದ್ದ.

ಒಂದು ಮಧ್ಯಾಹ್ನ ಪದ್ಮಲೆ ಭಾಗಿಯಬ್ಬೆಯ ಮೇಲೆ ಹರಿಹಾಯ್ದಳು. "ಕೈಗೆ ಬಂದಿತ್ತು. ನಿನ್ನ ಮಾತು ಕೇಳಿ ಕಳೆದುಕೊಂಡೆ. ನಿನಗೇನು ಹೋಯಿತು, ಒಂದು ಗಾಣ!"

ಭಾಗಿಯಬ್ಬೆಗೂ ಅದೇ ಅಳುಕಿತ್ತು. ಈ ಹುಡುಗಿಯನ್ನು ಬೀದಿಗೆ ತಂದವಳು ನಾನೇ ಇರಬಹುದು ಎಂದುಕೊಳ್ಳುತ್ತಿದ್ದಳು. ಮಾಚವ್ವೆ ಎದ್ದು ಬಂದು ಪದ್ಮಲೆಯ ಪಕ್ಕದಲ್ಲಿ ಕೂತಳು. ಏನೋ ಹೇಳಲು ಹೋದಳು. ಮಾತು ಸಿಕ್ಕಿಕೊಂಡಿತು. ಪದ್ಮಲೆ ಕಾದಳು. ಬಹಳ ಹೊತ್ತಾಯಿತು. ಆದರೂ ಕಾದಳು.

"ನ... ನನಗಾಗಿ ಯಾರೂ ಕೇಳಿರಲಿಲ್ಲ" ಎಂದಳು ಮಾಚವ್ವೆ.

ಪದ್ಮಲೆ ಗೋಡೆಗೆ ಮುಖ ಮಾಡಿ ಅತ್ತಳು. ಚಕ್ರವರ್ತಿಯ ಎದುರು ಬಾರದ ಅಳು ಆಗ ಬಂತು.

ಅತ್ತ ಚಕ್ರವರ್ತಿಯ ಅರಮನೆಯಲ್ಲಿ ಬೇರೆಯದೇ ನಡೆದಿತ್ತು. ಆ ದಿನ ಸಭೆಯಲ್ಲಿದ್ದ ಸಾಮಂತರಲ್ಲಿ ಗಂಡುಮಕ್ಕಳಿಲ್ಲದವರು ಹಲವರಿದ್ದರು. ಪದ್ಮಲೆ ನಿಂತ ಜಾಗದಲ್ಲಿ ಅವರು ತಮ್ಮ ತಮ್ಮ ಮಗಳನ್ನು ಕಂಡಿದ್ದರು. ಒಬ್ಬ ಬಂದು ಚಕ್ರವರ್ತಿಯನ್ನು ಗುಟ್ಟಾಗಿ ಕೇಳಿದ. "ನಾನು ಸತ್ತರೆ ನನ್ನ ಹೆಂಡತಿಯೂ ಇಲ್ಲಿ ಬಂದು ಅಳಬೇಕೇ?" ಮರುದಿನ ಇನ್ನೊಬ್ಬ ಅದನ್ನೇ ಕೇಳಿದ. ಗಡಿ ಕಾಯುತ್ತಿದ್ದ ದೊಡ್ಡ ದಂಡನಾಯಕನೂ ಕೇಳಿದ. ಅವನ ಕೈಕೆಳಗೆ ಬಹಳ ಸೈನ್ಯವಿತ್ತು. ಚಕ್ರವರ್ತಿಗೆ ಕಳವಳ ಹತ್ತಿತು. ಪಂಡಿತರನ್ನು ಕೂರಿಸಿದ. ಪಂಡಿತರು ಹಳೆಯ ಗ್ರಂಥಗಳಲ್ಲಿ ಹೆಂಡತಿಯ ಪರವಾಗಿ ಇದ್ದ ಮಾತುಗಳನ್ನು ಹುಡುಕಿದರು. ಅವು ಹಿಂದಿನಿಂದಲೂ ಅಲ್ಲೇ ಇದ್ದವು. ಯಾರೂ ಓದಿಸಿರಲಿಲ್ಲ.

ಕೊನೆಗೆ ಛತ್ರಕ್ಕೆ ಕರೆ ಬಂತು. ಚಕ್ರವರ್ತಿ ಪದ್ಮಲೆಯ ಮುಖ ನೋಡಲಿಲ್ಲ. ಬೇರೆಡೆ ನೋಡುತ್ತಲೇ ಆಜ್ಞೆ ಓದಿಸಿದ. ಮಗನಿಲ್ಲದೆ ಸತ್ತವನ ಸ್ವತ್ತು ಹೆಂಡತಿಗೆ, ಆಮೇಲೆ ಹೆಣ್ಣುಮಕ್ಕಳಿಗೆ. ಅವರು ಬದುಕಿರುವಾಗ ಯಾವ ಅಧಿಕಾರಿಯೂ ಆ ಬಾಗಿಲಿಗೆ ಮುದ್ರೆ ಒತ್ತಬಾರದು. ಒತ್ತಿದವನು ಯಾರೇ ಆಗಿರಲಿ, ಮುಂದೆ ಪಟ್ಟಕ್ಕೆ ಬರುವವರೇ ಆಗಿರಲಿ, ಅಪರಾಧಿ. ಇದನ್ನು ನಾಡು ನಾಡಿನಲ್ಲೂ ಕಲ್ಲಿನಲ್ಲಿ ಕೊರೆಸಿ ನಿಲ್ಲಿಸಬೇಕು.

ಪದ್ಮಲೆ ಅರಮನೆಗೆ ಹಿಂದಿರುಗಿದಳು. ಗಾಣ ಮತ್ತೆ ತಿರುಗಿತು. ಭಾಗಿಯಬ್ಬೆಯ ಮಗಳಿಗೆ ಬೇರೆ ಕಡೆ ಮದುವೆಯಾಯಿತು. ಮಾಚವ್ವೆಯ ಮನೆ ಮಾತ್ರ ಬರಲಿಲ್ಲ. ಆಜ್ಞೆಗೆ ಮೊದಲೇ ಬೇರೆಯವರ ಕೈ ಸೇರಿದ್ದಕ್ಕೆ ಅದು ತಾಗುವುದಿಲ್ಲ ಎಂದು ಪಂಡಿತರು ಹೇಳಿದರು. ಪದ್ಮಲೆ ತಾನೇ ಒಂದು ಮನೆ ಕೊಡಲು ಹೋದಳು. ಮಾಚವ್ವೆ ಕೈಯಾಡಿಸಿ ಬೇಡವೆಂದಳು. ಗಾಣದ ಮನೆಯಲ್ಲೇ ಉಳಿದಳು.

ವರ್ಷಗಳಾದ ಮೇಲೆ ಆ ಚಕ್ರವರ್ತಿ ಸತ್ತ. ಸುದ್ದಿ ಬಂದ ದಿನ ಭಾಗಿಯಬ್ಬೆ ಎಳ್ಳು ಹಾಕಿ ಗಾಣ ಹೂಡಿದ್ದಳು. ಬೀದಿಯಲ್ಲಿ ಕುದುರೆಗಳು ಓಡಿದವು. ಅವಳ ಕೈ ತಾನಾಗಿಯೇ ಎತ್ತಿನ ಹಗ್ಗವನ್ನು ಬಿಗಿಹಿಡಿಯಿತು. ಎತ್ತು ನಿಂತಿತು. ಕಟ್ಟಳೆ ಕೊರೆದ ಕಲ್ಲು ನೆನಪಾಗಿ ಅವಳು ಹಗ್ಗ ಸಡಿಲ ಬಿಟ್ಟಳು, ಗಾಣ ಮತ್ತೆ ತಿರುಗಿತು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ಬಾಚಿದೇವ ತಲೆಯಾಡಿಸಿದ. ಅವನಿಗೆ ಒಂದು ಸಂಶಯ ಉಳಿದಿತ್ತು. "ಗುರುಗಳೇ, ಆ ಚಕ್ರವರ್ತಿ ಕೊಟ್ಟದ್ದು ಸಾಮಂತರ ಭಯದಿಂದಲೋ, ಮನಸ್ಸಿನಿಂದಲೋ? ಅವನು ಒಳ್ಳೆಯವನೋ ಅಲ್ಲವೋ ಎಂಬುದು ಗೊತ್ತಾಗಲಿಲ್ಲ."

"ಕಲ್ಲು ನಿಂತ ಮೇಲೆ ಆ ನಾಡಿನಲ್ಲಿ ಯಾರಿಗೂ ಅದನ್ನು ಕೇಳಬೇಕೆಂದು ಅನ್ನಿಸಲಿಲ್ಲ" ಎಂದರು ಗುರುಗಳು.

ಮರುದಿನ ಬೆಳಿಗ್ಗೆ ಬಾಚಿದೇವ ಅರಮನೆಯ ನ್ಯಾಯಸಭೆಗೆ ಹೊರಟ.